ಭಾನುವಾರ ನೋಡೋಣ

ಬೆಳಕು ಹರಿಯುವ ಮೊದಲೇ ತಿರುಮಲೇಶನ ಸ್ಕೂಟರ್ ಕತ್ರಿಗುಪ್ಪೆಯ ಮನೆಯ ಗೇಟು ದಾಟಿರುತ್ತಿತ್ತು. ಅವನು ಫಿಸಿಯೋಥೆರಪಿಸ್ಟ್. ಪಾರ್ಶ್ವವಾಯು ಬಡಿದವರು, ಮಂಡಿ ಆಪರೇಷನ್ ಆದವರು, ಜಾರಿ ಬಿದ್ದು ಸೊಂಟ ಮುರಿದುಕೊಂಡವರು, ಇಂಥವರ ಮನೆಗೇ ಹೋಗಿ ವ್ಯಾಯಾಮ ಮಾಡಿಸಿ ಬರುವುದು ಅವನ ಕೆಲಸ. ಜಯನಗರದಲ್ಲಿ ಒಬ್ಬರನ್ನು ಎಬ್ಬಿಸಿ ನಡೆಸಿ, ಬನಶಂಕರಿಯಲ್ಲಿ ಇನ್ನೊಬ್ಬರ ಕಾಲು ಮಡಿಸಿ ಬಿಡಿಸಿ, ಸಾರಕ್ಕಿ ಸಿಗ್ನಲ್ಲಿನಲ್ಲಿ ಹೊಗೆ ಕುಡಿದು ಜೆ.ಪಿ. ನಗರ ಮುಟ್ಟುವಷ್ಟರಲ್ಲಿ ಮುಂದಿನ ಮನೆಯವರ ಫೋನು ಬಂದಿರುತ್ತಿತ್ತು. "ಬಂದೆ ಸಾರ್, ದಾರೀಲಿದ್ದೀನಿ" ಎನ್ನುವುದು ಅವನ ಬಾಯಲ್ಲಿ ಉಸಿರಿನಷ್ಟೇ ಸಹಜವಾಗಿಬಿಟ್ಟಿತ್ತು. ಎಷ್ಟು ಓಡಿದರೂ ದಿನ ಸಾಲುತ್ತಿರಲಿಲ್ಲ. ಆದರೂ ಹೊಸಬರು ಕೇಳಿದರೆ ಇಲ್ಲವೆನ್ನುತ್ತಿರಲಿಲ್ಲ. ಅಷ್ಟು ಜನ ತನಗಾಗಿ ಕಾಯುತ್ತಾರೆ ಎನ್ನುವುದು ಅವನಿಗೆ ಒಳಗೊಳಗೇ ಹಿತವಾಗಿತ್ತು.

ಹೆಂಡತಿ ಸರಸ್ವತಿ ಬನಶಂಕರಿಯ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರ್. ದಸರಾ ರಜೆ ಮುಗಿದ ಮೇಲೆ ಅವಳ ಬಲ ಭುಜ ನೋಯತೊಡಗಿತು. ಬೋರ್ಡಿನ ಮೇಲೆ ನಾಲ್ಕು ಸಾಲು ಬರೆಯುವುದೂ ಕಷ್ಟವಾಗುತ್ತಿತ್ತು.

"ರೀ, ಈ ಭುಜ ಸ್ವಲ್ಪ ನೋಡ್ತೀರಾ?" ಎಂದಳು ಒಂದು ಬೆಳಿಗ್ಗೆ.

ತಿರುಮಲೇಶ ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ. "ಫ್ರೋಜನ್ ಶೋಲ್ಡರ್ ಇರ್ಬೇಕು, ಕೀಲು ಬಿಗಿದುಕೊಂಡಿರುತ್ತೆ. ಈ ವಯಸ್ಸಿಗೆ ಹೆಂಗಸರಿಗೆ ಬರುತ್ತೆ. ಗೋಡೆ ಮೇಲೆ ಬೆರಳಲ್ಲಿ ಮೇಲೆ ಮೇಲೆ ಹತ್ತಿಸ್ತಾ ಹೋಗು. ಭಾನುವಾರ ಸರಿಯಾಗಿ ನೋಡೋಣ."

ಅವಳು ದಿನಾ ಅಡುಗೆಮನೆಯ ಗೋಡೆಯ ಮೇಲೆ ಬೆರಳು ಹತ್ತಿಸಿದಳು. ಭಾನುವಾರ ಬಂತು. ಜಯನಗರದ ಸೇತುರಾಮ ಎಂಬ ನಿವೃತ್ತ ಎಂಜಿನಿಯರು ಬಚ್ಚಲಲ್ಲಿ ಬಿದ್ದರೆಂದು ಅವರ ಮನೆಯಿಂದ ಫೋನು ಬಂತು. ತಿರುಮಲೇಶ ಹೊರಟ. ಮುಂದಿನ ಭಾನುವಾರ ಇನ್ನೊಬ್ಬರು. ನೋವು ಭುಜದಿಂದ ಇಳಿದು ತೋಳಿನ ಒಳಮೈಯಲ್ಲಿ ಹರಿದು ಕಿರುಬೆರಳಿಗೆ ಬಂತು. ಒಮ್ಮೆ ಅವಳು ಹಳೆಯ ಸಡಿಲ ರವಿಕೆ ತೊಟ್ಟು, ನಡುಮನೆಯಲ್ಲಿ ಸ್ಟೂಲು ಹಾಕಿಕೊಂಡು ಪೇಷಂಟಿನ ಹಾಗೆಯೇ ಕಾದು ಕೂತಳು. ಅವನು ಕೈ ತೊಳೆದು ಬರುವಷ್ಟರಲ್ಲಿ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಮಾತಾಡುತ್ತಲೇ ಮೆಟ್ಟಿಲಿಳಿದವನು ಮತ್ತೆ ಬಂದದ್ದು ಊಟದ ಹೊತ್ತಿಗೆ. ಅಷ್ಟರಲ್ಲಿ ಸ್ಟೂಲು ಮೂಲೆ ಸೇರಿತ್ತು.

ಅದನ್ನು ಎತ್ತಿ ಆಡಿದವಳು ಮಗಳು ಸುರಭಿ. ಎರಡನೇ ಪಿಯುಸಿಯಲ್ಲಿದ್ದಳು. "ಅಪ್ಪಾ, ಸೇತುರಾಮ್ ಅಂಕಲ್‌ಗಾದ್ರೆ ದಿನ ಬಿಟ್ಟು ದಿನ ಹೋಗ್ತೀಯ. ಅಮ್ಮಂಗೂ ಒಂದು ಅಪಾಯಿಂಟ್‌ಮೆಂಟ್ ಕೊಡು."

"ಇಲ್ಲೇ ಇರ್ತೀನಲ್ಲೇ. ನೋಡ್ತೀನಿ ಬಿಡು."

ಫೆಬ್ರವರಿಯ ಒಂದು ಶನಿವಾರ, ಜೆ.ಪಿ. ನಗರದ ಮನೆಯೊಂದರವರು ಹೇಳದೆ ತಿರುಪತಿಗೆ ಹೋಗಿಬಿಟ್ಟಿದ್ದರು. ಬೀಗ ನೋಡಿ ತಿರುಮಲೇಶ ಮನೆಗೆ ಬಂದ. ಸ್ಕೂಲಿಗೆ ಅರ್ಧ ದಿನ ರಜೆ. ಸರಸ್ವತಿ ಒಬ್ಬಳೇ ಕೂತು ಎಡಗೈಯಲ್ಲಿ ಚಮಚ ಹಿಡಿದು ಮೊಸರನ್ನ ತಿನ್ನುತ್ತಿದ್ದಳು.

ಅವಳು ಎಂದೂ ಎಡಗೈಯಲ್ಲಿ ಉಂಡವಳಲ್ಲ. ಅವನು ಎದುರಿಗೆ ಕೂತು ಅವಳ ಬಲಗೈ ಎತ್ತಿಕೊಂಡ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಮಾಂಸ ಕರಗಿ ಗುಳಿ ಬಿದ್ದಿತ್ತು. ಭುಜ ಹಿಡಿದು ತೋಳನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಿದ, ಮೇಲಕ್ಕೆತ್ತಿದ. ಅವಳು ನೋವಿಗೆ ಮುಖ ಕಿವುಚಿದಳು. ಆದರೆ ತೋಳು ತಡೆಯಿಲ್ಲದೆ ಕಿವಿಯವರೆಗೂ ಹೋಯಿತು. ಫ್ರೋಜನ್ ಶೋಲ್ಡರ್ ಆಗಿದ್ದರೆ ಅದು ಅಷ್ಟು ದೂರ ಹೋಗಬಾರದು. ಯಾವ ಮನೆಗೆ ಹೋದರೂ ಅವನು ಮೊದಲು ಮಾಡುವ ಪರೀಕ್ಷೆಯೇ ಅದು. ಕಿಟಕಿಯ ಕಡೆ ಅವಳ ಮುಖ ತಿರುಗಿಸಿದ. ಬಲಗಣ್ಣಿನ ರೆಪ್ಪೆ ಇಳಿಬಿದ್ದಿತ್ತು.

"ಕಣ್ಣು ಯಾವಾಗಿಂದ ಹೀಗಿದೆ?"

"ನಿದ್ದೆ ಇಲ್ವಲ್ಲ, ಅದಕ್ಕೇ ಅಂತಾರೆ ಸ್ಟಾಫ್ ರೂಮಲ್ಲಿ." ಅವನು ಕೈ ಕೆಳಗಿಟ್ಟದ್ದು ನೋಡಿ ಅವಳು ನಕ್ಕಳು. "ಇಷ್ಟು ಬೇಗ ಮುಗೀತಾ?"

ಸೀರೆ ಬದಲಾಯಿಸಿಕೋ, ಆಸ್ಪತ್ರೆಗೆ ಹೋಗೋಣ ಎಂದ.

ಶ್ವಾಸಕೋಶದ ತುದಿಯಲ್ಲಿ ಗಡ್ಡೆ ಬೆಳೆದು ಕೈಗೂ ಕಣ್ಣಿಗೂ ಹೋಗುವ ನರಗಳನ್ನು ಒತ್ತುತ್ತಿತ್ತು. ಕ್ಯಾನ್ಸರ್. ಪಕ್ಕೆಲುಬಿಗೂ ಬೆನ್ನುಮೂಳೆಗೂ ಇಳಿದಿತ್ತು. ಡಾಕ್ಟರು ಸ್ಕ್ಯಾನ್ ನೋಡುತ್ತ, "ಇಷ್ಟು ತಿಂಗಳಿಂದ ನೋವಿದೆ ಅಂತೀರಾ. ಭುಜನ ಯಾರು ನೋಡ್ತಿದ್ರು?" ಎಂದರು.

ತಿರುಮಲೇಶ ಬಾಯಿ ತೆರೆಯುವ ಮೊದಲೇ ಸರಸ್ವತಿ, "ಯಾರೂ ಇಲ್ಲ ಡಾಕ್ಟ್ರೇ. ನಾನೇ ಏನೋ ಉಳುಕಿದೆ ಅಂದ್ಕೊಂಡು ಸುಮ್ನಿದ್ದೆ" ಎಂದಳು.

"ಮೊದಲೇ ಬಂದಿದ್ರೆ ಆಪರೇಷನ್ ಯೋಚನೆ ಮಾಡಬಹುದಿತ್ತು" ಎಂದಷ್ಟೇ ಹೇಳಿ ಡಾಕ್ಟರು ಬರೆಯತೊಡಗಿದರು.

ಅಂದಿನಿಂದ ಅವನು ಎಲ್ಲ ಮನೆಗಳನ್ನೂ ಬಿಟ್ಟ. ಆ ಪೇಷಂಟುಗಳ ಗತಿ ಏನಾದೀತು ಎಂದು ಅವನಿಗೆ ದಿಗಿಲಿತ್ತು. ಆದರೆ ವಾರ ಕಳೆಯುವುದರೊಳಗೆ ಸೇತುರಾಮರೇ ಫೋನು ಮಾಡಿದರು. "ನಮ್ಮ ಬಗ್ಗೆ ಯೋಚನೆ ಮಾಡ್ಬೇಡಿ. ಮೈತ್ರಿ ಅಂತ ಒಂದು ಹುಡುಗಿ ಬರ್ತಾಳೆ, ಚೆನ್ನಾಗೇ ಮಾಡಿಸ್ತಾಳೆ. ಮೊನ್ನೆ ಪಾರ್ಕ್ ತನಕ ನಡೆದೆ." ಅವನು ಸಂತೋಷ ಸಾರ್ ಎಂದ. ಫೋನಿಟ್ಟು ವರಾಂಡಕ್ಕೆ ಬಂದ. ಅವರು ಬಚ್ಚಲಲ್ಲಿ ಬಿದ್ದ ಆ ಭಾನುವಾರ ಬೇರೆ ಯಾರಾದರೂ ಹೋಗಬಹುದಿತ್ತು. ಯಾವ ಭಾನುವಾರವಾದರೂ.

ಕೀಮೋಗೆ ಸರಸ್ವತಿ ಸೋತು ಹೋದಳು. ಹಗಲು ಅವಳು ನಿದ್ದೆ ಮಾಡುವಾಗ ಅವನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಎಚ್ಚರವಾದರೆ ಬೆರಳು ನೀವುತ್ತಿದ್ದ. ಅದರಿಂದ ಏನೂ ಆಗದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಒಂದು ಮಧ್ಯಾಹ್ನ ಅವಳು ಕೈ ಎಳೆದುಕೊಂಡಳು.

"ಕೇಳಿದಾಗ ಬರ್ಲಿಲ್ಲ ನೀವು. ಈಗ ಮುಟ್ಬೇಡಿ, ನೋಯುತ್ತೆ."

ಅವನು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಸಂಜೆ ಅವಳೇ ಕರೆದು ನೀರು ಕೇಳಿದಳು. ಆ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಆದರೆ ಕೊನೆಯವರೆಗೂ ಅವನು ಎಡಗೈಯನ್ನಷ್ಟೇ ಹಿಡಿಯುತ್ತಿದ್ದ.

ಆಷಾಢ ಮುಗಿಯುವ ಮೊದಲೇ, ಬೆಳಗಿನ ಹೊತ್ತು ಆಸ್ಪತ್ರೆಯಲ್ಲಿ ಅವಳು ತೀರಿಕೊಂಡಳು. ಸ್ಕೂಲಿನ ಮಕ್ಕಳು ಯೂನಿಫಾರ್ಮಿನಲ್ಲೇ ಬನಶಂಕರಿಯ ಚಿತಾಗಾರದ ಗೇಟಿನವರೆಗೆ ಬಂದು ನಿಂತಿದ್ದರು.

ಈಗ ತಿರುಮಲೇಶ ಬಿಟಿಎಂ ಲೇಔಟಿನ ಫಿಸಿಯೋಥೆರಪಿ ಸೆಂಟರೊಂದರಲ್ಲಿ ಮಧ್ಯಾಹ್ನದವರೆಗೆ ಮಾತ್ರ ಕೆಲಸ ಮಾಡುತ್ತಾನೆ. ಮನೆಗೆ ಬಂದರೆ ಹೊತ್ತು ಹೋಗುವುದಿಲ್ಲ. ಸುರಭಿ ಕಾಲೇಜಿನಿಂದ ಬಂದು ಅಡುಗೆ ಮಾಡುತ್ತಾಳೆ, ಬೇಡವೆಂದರೂ ಕೇಳುವುದಿಲ್ಲ. ಅಪ್ಪನ ಮೇಲೆ ಅವಳಿಗೆ ಸಿಟ್ಟಿದೆ ಎಂದೇ ಅವನು ತಿಳಿದಿದ್ದ, ಇರಬೇಕಾದದ್ದೇ ಎಂದೂ ತಿಳಿದಿದ್ದ.

ಮೊನ್ನೆ ಹುರುಳಿಕಾಯಿ ಹೆಚ್ಚುತ್ತ ಅವಳು ಇದ್ದಕ್ಕಿದ್ದಂತೆ ಹೇಳಿದಳು. "ಡಿಸೆಂಬರ್‌ನಲ್ಲಿ ಅಮ್ಮ ನನ್ನೂ ಕೇಳಿದ್ಲು ಅಪ್ಪಾ. ಡಾಕ್ಟರ್ ಹತ್ರ ಜೊತೇಲಿ ಬರ್ತೀಯಾ ಅಂತ. ಸಿಇಟಿ ಕ್ಲಾಸಿತ್ತು. ಆಮೇಲೆ ಹೋಗೋಣ ಅಂದೆ."

ತಿರುಮಲೇಶ ಬಾಗಿಲ ಚೌಕಟ್ಟು ಹಿಡಿದು ನಿಂತ. "ಅದು ನಿಂದಲ್ಲ ಪುಟ್ಟಿ. ನನ್ನ ಕೆಲಸ ಅದು" ಎಂದ.

ಅವಳು ಹೆಚ್ಚಿದ ಕಾಯನ್ನು ಬಾಣಲೆಗೆ ಸುರಿದು ಒಲೆ ಹಚ್ಚಿದಳು. ಅವನು ಒಳಗೆ ಬಂದು, ತಟ್ಟೆ ಎರಡು ತೆಗೆದು ತೊಳೆಯತೊಡಗಿದ.