ತಿಳಿನೀರಿನ ದೋಣಿ ಮಾವ

ಮೀನು ಹಿಡಿದು ಬದುಕುತ್ತಿದ್ದ ದೋಣಿ ಮಾವ ಈಗ ನೋಡಲು ಬಂದವರನ್ನು ಕೆರೆ ಸುತ್ತಿಸುತ್ತಾನೆ. ನೀರನ್ನು ಹೊಗಳಿದವರಿಗೆ ಇನ್ನೊಂದು ಸುತ್ತು ಪುಕ್ಕಟೆ. "ತಳ ನೋಡಿ, ಕನ್ನಡಿ ಇದ್ದ ಹಾಗಿದೆ" ಎನ್ನುತ್ತಾನೆ. ಯಾವುದೋ ಹೊರಗಿನ ದೋಣಿಯ ತಳಕ್ಕೆ ಅಂಟಿ ಬಂದ ಕಪ್ಪೆಚಿಪ್ಪುಗಳು ಕೆರೆಯೆಲ್ಲ ಹಬ್ಬಿ, ಮೀನಿನ ಆಹಾರವನ್ನು ಸೋಸಿ ತಿಂದಿದ್ದರಿಂದಲೇ ನೀರು ಇಷ್ಟು ತಿಳಿಯಾಗಿದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಬೆಳಿಗ್ಗೆ ಸಂಜೆ ತನ್ನ ದೋಣಿಯ ತಳ ಉಜ್ಜುತ್ತಾನೆ. "ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ" ಎಂದು ಹೆಂಡತಿ ಗೊಣಗುತ್ತಾಳೆ. "ಒಂದು ಮೀನೂ ಕಾಣ್ತಿಲ್ವಲ್ಲ?" ಎಂದು ಯಾರಾದರೂ ಕೇಳಿದರೆ ತುಟಿಯ ಮೇಲೆ ಬೆರಳಿಟ್ಟು, "ಮಲಗಿವೆ, ಮೆಲ್ಲಗೆ ಮಾತಾಡಿ" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ಅವರನ್ನು ದಡಕ್ಕಿಳಿಸಿ ಒಬ್ಬನೇ ಹಿಂದಿರುಗುವಾಗಲೂ ಮಾವ ಹುಟ್ಟನ್ನು ಸದ್ದಾಗದಂತೆ ನೀರಿಗಿಳಿಸುತ್ತಾನೆ.