ಎರಡು ಹಸುಗಳಿಗೆ ಒಂದು ಬಾಟಲಿ

ದನದ ಕಾಂಪೌಂಡರರ ಬಲಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಯಾವುದೋ ಎಮ್ಮೆ ತುಳಿದು ಹೋದದ್ದಂತೆ. ಆ ಬೋಳು ಬೆರಳಿನಿಂದಲೇ ಅವರು ಕೆಚ್ಚಲು ಒತ್ತಿ ನೋಡುತ್ತಿದ್ದರು. ಒದೆಯುವ ಹಸುವೂ ಅವರ ಕೈಗೆ ಸುಮ್ಮನೆ ನಿಲ್ಲುತ್ತಿತ್ತು. ಸಾಗರದಿಂದ ಇಕ್ಕೇರಿ ದಾಟಿ ನಮ್ಮೂರಿಗೆ ಸೈಕಲ್ ತುಳಿದು ಬರುವರು. ಬಂದವರೇ ಸಿರಿಂಜು ಕುದಿಸಲು ಒಲೆ ಕೇಳುವರು. ದನಕ್ಕೆ ಬಳಸಿದ್ದನ್ನು ಅಡುಗೆ ಒಲೆಯ ಮೇಲಿಡಲು ನಮ್ಮತ್ತೆ ಒಪ್ಪುವವರಲ್ಲ. "ಬಚ್ಚಲ ಒಲೆ ಆದ್ರೂ ಸಾಕಮ್ಮ, ನೀರು ಕುದಿದ್ರೆ ಆಯ್ತು" ಎಂದು ಹೊಗೆಯಲ್ಲಿ ಹೋಗಿ ಕೂರುತ್ತಿದ್ದರು.

ಅರವತ್ತರ ದಶಕದ ಮಾತು. ನಾನು ಆಗಿನ್ನೂ ಹೊಸ ಸೊಸೆ. ನಾದಿನಿ ಬಾಣಂತನದಲ್ಲೇ ತೀರಿಕೊಂಡಿದ್ದಳು. ಅವಳ ಮೂರು ತಿಂಗಳ ಕೂಸು ನನ್ನ ಮಡಿಲಿಗೆ ಬಂದಿತ್ತು. ಎಮ್ಮೆ ಹಾಲು ಕುಡಿಸಿದರೆ ಭೇದಿ. ಹಾಗಾಗಿ ಅದರ ಜೀವ ನಿಂತಿದ್ದು ಕೊಟ್ಟಿಗೆಯ ಎರಡು ಹಸುಗಳ ಮೇಲೆ. ಹಿರಿಯದು ಕೌಲೆ, ಕಿರಿಯದು ಬೆಳ್ಳಿ. ಊರಿನಲ್ಲಿ ಹಾಲು ಕೊಡುವ ಬೇರೆ ಹಸುವಿರಲಿಲ್ಲ.

ಕೌಲೆಗೆ ಕೆಚ್ಚಲು ಬಾವು ಬಂತು. ಹಾಲು ಗೆಡ್ಡೆಗೆಡ್ಡೆಯಾಗಿ ಇಳಿಯಿತು. ಕಾಂಪೌಂಡರರು ಮೂರು ದಿನಕ್ಕೆ ಮೂರು ಬಾಟಲಿ ಪೆನಿಸಿಲಿನ್ ಹೊಂದಿಸಿದರು. ಕೆಟ್ಟ ಹಾಲನ್ನೆಲ್ಲ ಹಿಂಡಿ ತೆಗೆದು, ಮೊಲೆಯೊಳಗೆ ಔಷಧಿ ಬಿಟ್ಟು, ನನಗೆ ಹೇಳಿದರು: "ಹುಷಾರಾಗಿರೋದನ್ನ ಮೊದ್ಲು ಕರೀರಿ. ಕಾಯಿಲೆದು ಕೊನೆಗೆ, ಕೈಯಿಂದ್ಲೇ ಅಂಟೋದು ಅದು. ಪಾಪ ಅನ್ನೋದನ್ನ ಕೊಟ್ಟಿಗೆ ಹೊರಗೇ ಇಟ್ಟು ಬನ್ನಿ."

ನಾನು ಇಡಲಿಲ್ಲ. ಹಿರಿಯ ಹಸುವನ್ನು ಮೊದಲು ಕರೆಯುವುದು ಮನೆಯ ಪದ್ಧತಿ; ಮೇಲಾಗಿ ನೋವಿಗೆ ಅದು ನನ್ನತ್ತ ತಿರುಗಿ ನೋಡುತ್ತಿತ್ತು. ಮೊದಲು ಅದರ ಭಾರ ಇಳಿಸಿ, ಅದೇ ಕೈಯಲ್ಲಿ ಬೆಳ್ಳಿಯ ಕೆಚ್ಚಲಿಗೆ ಹೋದೆ. ಮೂರನೆಯ ದಿನ ಬೆಳ್ಳಿಯ ಹಾಲೂ ಒಡೆದಿತ್ತು.

ಕಾಂಪೌಂಡರರು ನನ್ನ ಮುಖ ನೋಡಿದರು, ತಿಳಿದುಕೊಂಡರು. ಕೈಯಲ್ಲಿ ಉಳಿದಿದ್ದುದು ಒಂದೇ ಬಾಟಲಿ. ಮುಂದಿನ ಔಷಧಿ ಯಾವಾಗ ಬರುವುದೋ ಆಸ್ಪತ್ರೆಯವರಿಗೇ ಗೊತ್ತಿರಲಿಲ್ಲ. "ಇದು ಪೂರ್ತಿ ಕೌಲೆಗೇ ಹೋಗ್ಬೇಕು. ಅರ್ಧ ಮಾಡಿದ್ರೆ ಎರಡೂ ಉಳಿಯಲ್ಲ" ಎಂದರು. ನಾನು ಕೂಸನ್ನು ಎತ್ತಿ ತಂದು ಅವರೆದುರು ಹಿಡಿದು ಕಣ್ಣೀರಿಟ್ಟೆ. ಎರಡಕ್ಕೂ ಕೊಡಿ ಎಂದೆ. ಅವರು ಕೂಸಿನ ಮುಖ ನೋಡಿದರು. ಆಮೇಲೆ ಅರ್ಧರ್ಧ ಕೊಟ್ಟರು.

ವಾರದೊಳಗೆ ಎರಡು ಕೆಚ್ಚಲೂ ಕಲ್ಲಾದವು. ಮಂಡಗದ್ದೆ ಕಡೆಯಿಂದ ಕೂಸಿನ ಅಪ್ಪನ ಮನೆಯವರು ಬಂದು ಅದನ್ನು ಕರೆದುಕೊಂಡು ಹೋದರು. ಬಸ್ಸು ಹತ್ತುವಾಗ ಅದು ನನ್ನ ಸೆರಗು ಬಿಡಲಿಲ್ಲ, ಬೆರಳು ಬಿಡಿಸಬೇಕಾಯಿತು.

ಅತ್ತೆ ಕಾಂಪೌಂಡರರನ್ನು ಅಂಗಳದಲ್ಲಿ ನಿಲ್ಲಿಸಿ ಕೇಳಿದರು. "ಎಂತಕ್ಕೆ ಹಿಂಗಾತು?"

"ನನ್ನ ಔಷಧಿ ಹಳೇದಾಗಿತ್ತಮ್ಮ. ಸೊಸೆ ನಾನು ಹೇಳಿದ್ಹಾಗೇ ಮಾಡಿದಾರೆ. ತಪ್ಪು ನಂದು."

ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಮಾತು ಊರೂರು ಸುತ್ತಿತು. ಆಮೇಲೆ ಕೆಚ್ಚಲು ಬಾವು ಬಂದರೆ ಯಾರೂ ಅವರನ್ನು ಕರೆಸಲಿಲ್ಲ. ಅರಿಶಿನ ಮೆತ್ತಿದರು, ಬರೆ ಹಾಕಿದರು, ಹಸುಗಳನ್ನು ಕಳೆದುಕೊಂಡರು. ಅವು ಯಾವುವೂ ಹಾಳಾಗಬೇಕಿರಲಿಲ್ಲ. ಅದನ್ನು ಬಲ್ಲವಳು ನಾನೊಬ್ಬಳೇ.

ಅವರಿಗೆ ಹೊಸನಗರಕ್ಕೆ ವರ್ಗವಾಯಿತು. ಒಮ್ಮೆ ಸಾಗರದ ಬಸ್ ನಿಲ್ದಾಣದಲ್ಲಿ ಸಿಕ್ಕರು, ತುಂಬ ಇಳಿದುಹೋಗಿದ್ದರು. ಮೊದಲು ಕೇಳಿದ್ದೇ ಕೂಸನ್ನು. ನಡೆಯುತ್ತಿದೆಯಂತೆ, ನನ್ನ ಗುರುತಿಲ್ಲ ಎಂದೆ. "ಅವತ್ತು ನಾನು..." ಎಂದು ಶುರುಮಾಡಿದೆ.

"ಬಿಡಿ ಅಮ್ಮ. ಅವತ್ತು ನಾನೂ ಪಾಪ ಅಂದುಬಿಟ್ಟೆ" ಎಂದರು.

ಮರುವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಅತ್ತೆ ಬತ್ತಿ ಹೊಸೆಯುತ್ತಿದ್ದರು. ತಲೆಯೆತ್ತದೆ ಕೇಳಿದರು, "ಹಳೇ ಔಷಧಿ ಕೊಟ್ಟಂವ ಅಲ್ದಾ?"

"ಹೌದು" ಎಂದೆ.