ಬಿಸಿಲಿಗಿಟ್ಟ ಸಮುದ್ರ

ಪಾರ್ಸಲ್ ಬಿಚ್ಚಿದಾಗ ಮೊದಲು ಕಣ್ಣಿಗೆ ಬಿದ್ದದ್ದು ರಟ್ಟಿನ ಮೇಲಿನ ಅದೇ ಚಿತ್ರ. ಬೂದು ಸಮುದ್ರ, ವಾಲಿದ ಹಡಗು. ಹಳೆಯ ಗ್ರಾಮಫೋನ್ ತಟ್ಟೆಯ ಸದ್ದನ್ನು ತಿದ್ದಿ ತೀಡಿ ಈಗ ಹೊಸದಾಗಿ ಹೊರತಂದಿದ್ದಾರೆಂದು ತಿಳಿದು ತರಿಸಿದ್ದೆ. ಫೋನಿನಲ್ಲೂ ಕೇಳಬಹುದಂತೆ. ನನಗೆ ಮಾತ್ರ ಆ ಚಿತ್ರ ನೋಡಿದ ಕೂಡಲೇ ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದಂತಾಯಿತು... ಆಳಂದದಲ್ಲಿ ನಮ್ಮ ಪಕ್ಕದ ಮನೆಯ ಮಾಳಿಗೆಯ ಘಾಟು.

ಆ ಮನೆಯಾಕೆಯನ್ನು ಓಣಿಯವರೆಲ್ಲ ಚಿಕ್ಕಮ್ಮ ಎಂಬರ್ಥದಲ್ಲಿ ಖಾಲಾ ಎನ್ನುತ್ತಿದ್ದರು. ಅವರ ತಮ್ಮ ಮುಂಬೈಯಿಂದ ಹೊರಡುವ ಹಡಗೊಂದರಲ್ಲಿ ಅಡುಗೆಯವ. ಒಮ್ಮೆ ಊರಿಗೆ ಬಂದಾಗ ಸೆಲ್ಲಿನ ಮೇಲೆ ನಡೆಯುವ ಪುಟ್ಟ ಪ್ಲೇಯರನ್ನೂ ಈ ಒಂದೇ ಒಂದು ತಟ್ಟೆಯನ್ನೂ ಅಕ್ಕನಿಗೆ ಕೊಟ್ಟು ಹೋದ. ಹಾಡಿಲ್ಲ, ಮಾತಿಲ್ಲ, ನೂರು ವಾದ್ಯ ಸೇರಿ ಒಂದು ಕಥೆ ಹೇಳುವ ವಿಲಾಯತಿ ಸಂಗೀತ. ಮೊದಲು ಶಾಂತ ಸಮುದ್ರ, ಆಮೇಲೆ ಬಿರುಗಾಳಿ, ಕೊನೆಗೆ ಹಡಗು ದಡ ಸೇರುವುದು ಎಂದು ಅವನೇ ತಿಳಿಸಿದ್ದ. ಆ ಸಲ ಹೋದವನು ಮತ್ತೆ ಬರಲಿಲ್ಲ. ಸುದ್ದಿಯೂ ಬರಲಿಲ್ಲ.

ಮಧ್ಯಾಹ್ನ ರೊಟ್ಟಿ ಬಡಿಯುವ ಕೆಲಸ ಮುಗಿದ ಮೇಲೆ ಖಾಲಾ ಅದನ್ನು ಹಚ್ಚುತ್ತಿದ್ದರು. ಸೆಲ್ಲು ಸೋತರೆ ಎಸೆಯುವುದುಂಟೆ? ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ ಮಾಳಿಗೆಯ ಮೇಲೆ ಮೆಣಸಿನಕಾಯಿ ಜೊತೆ ಬಿಸಿಲಿಗಿಟ್ಟು ಮತ್ತೆ ತುಂಬುವುದು. ಆ ಅರೆಜೀವದ ಸೆಲ್ಲಿನಲ್ಲಿ ಸಂಗೀತ ಹೊಟ್ಟೆ ತುಂಬಿದ ಎಮ್ಮೆಯಂತೆ ಹೆಜ್ಜೆ ಹಾಕುತ್ತಿತ್ತು. ನಾನೂ ಖಾಲಾರ ಮಗಳೂ ಮುಸಿಮುಸಿ ನಗುತ್ತಿದ್ದೆವು. ಹಡಗು ದಡ ಸೇರುವ ಮೊದಲೇ ಏಳಹೋದರೆ ಖಾಲಾ ಕೈ ಹಿಡಿದು ಕೂರಿಸುವರು.

"ಎಲ್ಲಿ ಹೊಂಟೀ ಬೇ, ಕೂಡು. ನಮ್ಮ ಹುಡುಗ ಇನ್ನಾ ದಂಡಿಗಿ ಬಂದಿಲ್ಲ."

ಗೋಡೆಯ ನೆರಳು ಒರಳುಕಲ್ಲಿಗೆ ಬಂದಾಗ ಹಚ್ಚಿದರೆ, ಮುಗಿಯುವ ಹೊತ್ತಿಗೆ ಅದು ಜರುಗಿ ನೀರಿನ ಕೊಡ ಮುಟ್ಟುತ್ತಿತ್ತು. ಆಗ "ಬಂದ" ಎಂದು ಉಸಿರು ಬಿಟ್ಟು, ಖಾಲಾ ಚಹಾಕ್ಕೆ ಇಡಲು ಏಳುತ್ತಿದ್ದರು.

ಒಂದು ಬೇಸಿಗೆ ಸಂಗೀತ ಇನ್ನಷ್ಟು ಎಳೆಯತೊಡಗಿತು. ತಟ್ಟೆಗೂ ದಣಿವಾಗಿದೆ ಎಂದುಕೊಂಡರು ಖಾಲಾ. ಸೆಲ್ಲಿಗೆ ಜೀವ ತರುವ ಬಿಸಿಲು ತಟ್ಟೆಗೂ ತಂದೀತೆಂದು ಅದನ್ನೂ ಮಾಳಿಗೆಗೆ ಒಯ್ದಿಟ್ಟರು. ನಮ್ಮೂರ ಬಿಸಿಲು ಕೇಳಬೇಕೆ! ಇಳಿಸಿ ತಂದಾಗ ಅದು ಕರಿದ ಹಪ್ಪಳದಂತೆ ಸೊಟ್ಟಗಾಗಿತ್ತು. ಮಡಿಲಲ್ಲಿಟ್ಟುಕೊಂಡು ಅತ್ತರು. ತಮ್ಮನ ಸುದ್ದಿ ನಿಂತಾಗಲೂ ಅವರು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

"ನೀ ಸಾಲಿ ಕಲಿತಾಕಿ. ಎಲ್ಲ್ಯಾರ ಸಿಕ್ಕರ ತಂದುಕೊಡವ್ವಾ. ಅಂವ ದಂಡಿಗಿ ಹತ್ತೋದು ಇನ್ನೊಂದು ಸಲ ಕೇಳ್ತೇನಿ."

ಜೇವರ್ಗಿಗೆ ನೌಕರಿಗೆ ಹೋದ ಮೇಲೆ, ಉಳಿದಿದ್ದ ರಟ್ಟು ಹಿಡಿದು ಕಲಬುರಗಿ, ಸೊಲ್ಲಾಪುರದ ಅಂಗಡಿ ಅಂಗಡಿ ಅಲೆದೆ. "ಈಗ ಇದನ್ನ ಯಾರು ಕೇಳ್ತಾರ್ರಿ" ಎಂದು ನಕ್ಕರು. ರಜೆಗೆ ಬಂದಾಗಲೆಲ್ಲ ಖಾಲಾ ನನ್ನ ಚೀಲದ ಕಡೆ ನೋಡುತ್ತಿದ್ದರು, ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಹೋದ ವರ್ಷ ತೀರಿಕೊಂಡರು. ಈಗ ಬಂದಿದೆ, ಹೊಳೆಯುವ ರಟ್ಟಿನಲ್ಲಿ... ಯಾರಿಗೆ?

ಮೊನ್ನೆ ಆಳಂದಕ್ಕೆ ಹೋಗಿ ಅದೇ ಅಂಗಳದಲ್ಲಿ ಖಾಲಾರ ಮಗಳ ಜೊತೆ ಕೂತೆ. ನೆರಳು ಒರಳುಕಲ್ಲಿಗೆ ಬಂದಿತ್ತು. ತಟ್ಟೆ ತಿರುಗಿಸಲು ಯಂತ್ರವಿಲ್ಲ, ಫೋನಿನಲ್ಲೇ ಹಚ್ಚಿದೆ. ಒಂದೊಂದು ಪಿಟೀಲೂ ಬಿಡಿಬಿಡಿಯಾಗಿ, ಸ್ವಚ್ಛವಾಗಿ ಕೇಳುತ್ತಿತ್ತು. ಬಿರುಗಾಳಿ ಮಾತ್ರ ಬಂದದ್ದೇ ಹೋಗಿಬಿಟ್ಟಿತು. ಅವಳು ನನ್ನ ಮುಖ ನೋಡಿದಳು.

"ಇದು ಅಮ್ಮೀದು ಅಲ್ಲಕ್ಕಾ. ಇದು ಓಡಾಕತ್ತದ."

ಸರಿಯಾದ ವೇಗ ಇದೇ. ನಾವು ಕೇಳಿದ್ದು ಸೋತ ಸೆಲ್ಲಿನದು. ಅದನ್ನು ಯಾರೂ ಮತ್ತೆ ಹೊರತರಲಾರರು. ಹಡಗು ದಡ ಸೇರಿತು, ಫೋನು ಸುಮ್ಮನಾಯಿತು. "ಬಂದ" ಎನ್ನುವವರು ಇರಲಿಲ್ಲ. ನೀರಿನ ಕೊಡದ ಮೇಲೆ ಇನ್ನೂ ಬಿಸಿಲಿತ್ತು. ನೆರಳು ಬಂದು ಅದನ್ನು ಮುಟ್ಟುವವರೆಗೆ ನಾವಿಬ್ಬರೂ ಏಳಲಿಲ್ಲ.